ಮೇಷ್ಟ್ರು ಮೋರಿ ಹಾರಿದ್ದು

ಎದುರಿಗೆ ಎಲ್ಲರೂ ಅವರನ್ನು ‘ಮೇಷ್ಟ್ರೇ’ ಅನ್ನುತ್ತಾರೆ, ಬೆನ್ನ ಹಿಂದೆ ‘ತಕರಾರು ಮೇಷ್ಟ್ರು’. ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಸರ್ಕಾರಕ್ಕೇ ಲೆಕ್ಕ ಹೇಳಿಕೊಡಲು ನಿಂತವರು ನಮ್ಮ ಹಾರೋಹಳ್ಳಿಯ ಮೇಷ್ಟ್ರು. ಬಗಲಲ್ಲಿ ಸದಾ ಒಂದು ರೆಕ್ಸಿನ್ ಬ್ಯಾಗು. ಅದರಲ್ಲಿ ಬಿಳೀ ಹಾಳೆ, ಕಾರ್ಬನ್ನು, ಹೆಬ್ಬೆಟ್ಟಿಗೆ ಇಂಕ್ ಪ್ಯಾಡು, ಒತ್ತಿದ ಬೆರಳು ಒರೆಸಲು ಹಳೇ ಪಂಚೆಯ ತುಂಡು, ಮೂವತ್ತು ಮೀಟರಿನ ಟೇಪು.

ಹಾರೋಹಳ್ಳಿ ಹೋಬಳಿಯಾಗಿದ್ದಾಗ ಒಂದು ಅರ್ಜಿ ಕೊಡಬೇಕಾದರೂ ಕನಕಪುರದ ಬಸ್ಸು ಹತ್ತಬೇಕಿತ್ತು. ಊರೇ ತಾಲ್ಲೂಕಾದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಮೇಷ್ಟ್ರು. 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಯನ್ನು ‘ಬೆಂಗಳೂರು ದಕ್ಷಿಣ’ ಅಂದಾಗ ಮಾತ್ರ ಮುಖ ಸಣ್ಣದಾಯಿತು. ವಿಳಾಸದ ರಬ್ಬರ್ ಸ್ಟ್ಯಾಂಪು ಮಾಡಿಸಿ ಇನ್ನೂ ಇಂಕು ಆರಿರಲಿಲ್ಲ. ಅದಕ್ಕೂ ಒಂದು ಆಕ್ಷೇಪಣೆ ಹೋಯಿತು.

ಇಂಥವರ ಬೀದಿಗೇ ಮದ್ಯದಂಗಡಿ ಬರುತ್ತದಂತೆ ಅನ್ನುವ ಸುದ್ದಿ ಬಂತು. ಮುಚ್ಚಿಹೋಗಿದ್ದ ಹಾರ್ಡ್‌ವೇರ್ ಅಂಗಡಿಯ ಷಟರಿಗೆ ಒಂದು ಬೆಳಿಗ್ಗೆ ಬಣ್ಣ ಬಿತ್ತು. ಸಂಜೆಗೆ ಮೇಷ್ಟ್ರು ನನ್ನ ಮನೆ ಜಗಲಿಯ ಮೇಲೆ.

“ಹೊಸಾ ಲೈಸೆನ್ಸ್ ಅಲ್ಲಪ್ಪಾ. ಅಂಗಡಿಗೆ ಸಿಎಲ್-2, ಬಾರಿಗೆ ಸಿಎಲ್-9 ಹೊಸದಾಗಿ ಕೊಡೋದು ನಿಲ್ಲಿಸಿ ಮೂವತ್ತು ವರ್ಷದ ಮೇಲಾಯ್ತು. ಇದು ಎಲ್ಲಿಂದಲೋ ಎತ್ಕೊಂಡು ಬರ್ತಿರೋದು. ಸ್ಥಳಾಂತರ!” ವರ್ಗಾವಣೆ ಆದೇಶ ಕಂಡ ಮೇಷ್ಟ್ರ ದನಿಯಲ್ಲೇ ಅಂದರು.

“ಮೊದಲು ಹೆದ್ದಾರಿ ಪಕ್ಕದಲ್ಲೇ ಇರ್ತಿದ್ವಲ್ಲ ಮೇಷ್ಟ್ರೇ?”

“ಇದ್ವು. 2016ರ ಡಿಸೆಂಬರ್ 15ಕ್ಕೆ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಆಚೆ ಹೋಗಿ ಅಂತು. ಮಾರ್ಚ್‌ನಲ್ಲಿ, ಇಪ್ಪತ್ತು ಸಾವಿರದೊಳಗಿನ ಊರಿಗೆ 220 ಸಾಕು ಅಂತು. ಹೆದ್ದಾರಿ ಬಿಟ್ಟ ಅಂಗಡಿ ಆಕಾಶಕ್ಕೆ ಹೋಗುತ್ತಾ? ಒಳಬೀದೀಗೇ ಬರಬೇಕು.”

ಮೇಷ್ಟ್ರಿಗೆ ಕುಡಿತದ ಮೇಲೆ ಹಗೆಯಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಹುಡುಗರು ಷಿಫ್ಟು ಮುಗಿಸಿ ಬಂದು ಒಂದು ಕ್ವಾಟ್ರು ಹಾಕಿದರೆ ಅವರದೇನೂ ಅಡ್ಡಿಯಿಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಸರ್ಕಾರ ಬರೆದುಕೊಂಡಿದ್ದಕ್ಕೂ ಅಡ್ಡಿಯಿಲ್ಲ. “ಬರ್ಲಿ ಬಿಡು. ನಮ್ಮ ಬೀದೀಲಿ ಹಾದು ಬರೋದು ಬೇಡ.”

ಮೊದಲು ಮಾರಮ್ಮನ ಗುಡಿ ಹಿಡಿದರು. ಅಂಗಡಿಯಿಂದ ಗುಡಿಗೆ ನಲವತ್ತೇ ಮೀಟರು. 1967ರ ಅಬಕಾರಿ ನಿಯಮದಲ್ಲಿ ಗುಡಿ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ ನೂರು ಮೀಟರು ಬಿಡಬೇಕು ಅಂತಿದೆ. ಆದರೆ ಗುಡಿ ಮುಜರಾಯಿಗೋ ನೋಂದಣಿಯಾದ ಟ್ರಸ್ಟಿಗೋ ಸೇರಿರಬೇಕು. ನಮ್ಮ ಮಾರಮ್ಮ ಬೇವಿನ ಮರಕ್ಕೆ ಸೇರಿದವಳು. ಆಕ್ಷೇಪಣೆಯ ಅರ್ಜಿಗೆ ಸಹಿ ಹಾಕಿಸಲು ಹೋದಾಗ ನಿಂಗಮ್ಮಜ್ಜಿ ಇನ್ನೊಂದು ಸಂಶಯ ಎತ್ತಿತು: “ಆಯಮ್ಮಂಗೆ ಬೇಜಾರಾಯ್ತದೆ ಅಂತ ಬರ್ದಿದ್ದೀಯಲ್ಲ ಮೇಷ್ಟ್ರೇ, ಹಬ್ಬದಲ್ಲಿ ಎಡೆ ಇಕ್ಕೋವಾಗ ಏನಿಕ್ತೀವಿ ಹೇಳು?” ಮೇಷ್ಟ್ರು ಆ ಸಾಲು ಹೊಡೆದುಹಾಕಿದರು.

ಅಜ್ಜಿಯ ಸೊಸೆ ಹೇಳಿದ್ದು ಬೇರೆ. “ಸಂಜೆ ಟ್ಯೂಷನ್ ಮುಗಿಸ್ಕಂಡು ಹೆಣ್ಮಕ್ಕಳು ಇದೇ ದಾರೀಲಿ ಬರಬೇಕು. ಬಾಗ್ಲು ಮುಂದೆ ನಿಂತಿರೋರು ಏನಂತಾರೆ, ಹೆಂಗೆ ನೋಡ್ತಾರೆ, ಅದನ್ನ ಬರೀರಿ.”

ಮೇಷ್ಟ್ರು ಪೆನ್ನು ತೆಗೆದರು, ನಿಯಮ ನೋಡಿದರು, ಪೆನ್ನು ಮುಚ್ಚಿದರು. “ನೋಡೋದಕ್ಕೆ ಮೀಟರ್ ಇಲ್ಲ ಕಣಮ್ಮ.”

“ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಸಾರಾಯಿ ಬೇಡ ಅಂತ ಇನ್ನೂರು ಕಿಲೋಮೀಟರ್ ನಡೆದ್ರು, 2019ರಲ್ಲಿ. ಅವರ ಮಾತೇ ನಡೀಲಿಲ್ಲ. ನಿಮ್ಮ ನೂರು ಮೀಟರ್ ಯಾರು ಕೇಳ್ತಾರೆ?”

“ಸಾರಾಯಿ 2007ರಲ್ಲೇ ನಿಂತೋಯ್ತು. ಅವರು ಕೇಳಿದ್ದು ಮದ್ಯ ನಿಷೇಧ,” ಎಂದು ಮೇಷ್ಟ್ರು ತಿದ್ದಿದರು. ಅವಳು ಬೆರಳನ್ನು ಇಂಕ್ ಪ್ಯಾಡಿಗೆ ಬೇಕಾದ್ದಕ್ಕಿಂತ ಜೋರಾಗಿಯೇ ಒತ್ತಿದಳು.

ಉಳಿದದ್ದು ಸರ್ಕಾರಿ ಶಾಲೆ. ಅಂಗಡಿಯ ಬಾಗಿಲ ನಡುವಿನಿಂದ ಶಾಲೆಯ ಗೇಟಿನ ನಡುವಿಗೆ, ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿಯಲ್ಲಿ ಅಳೆಯಬೇಕು. ಆ ‘ಸಾಮಾನ್ಯವಾಗಿ’ ಅನ್ನುವ ಪದದಲ್ಲಿ ನಮ್ಮ ಬೀದಿಯ ಮೋರಿ ಹರಿಯುತ್ತಿತ್ತು. ಮೋರಿ ದಾಟಿದರೆ ತೊಂಬತ್ತಾರು ಮೀಟರು. ಸುತ್ತಿಕೊಂಡು ಹೋದರೆ ನೂರಾ ಹದಿನೆಂಟು.

ಅಳತೆಯ ದಿನ ಮಹಜರಿಗೆ ಬೀದಿಯೆಲ್ಲ ಸೇರಿತ್ತು. ಟೇಪಿನ ಒಂದು ತುದಿ ಏಳನೇ ಕ್ಲಾಸಿನ ಹುಡುಗನ ಕೈಲಿ, ಇನ್ನೊಂದು ಮೇಷ್ಟ್ರ ಕೈಲಿ. ಮೋರಿಯ ಹತ್ತಿರ ಬಂದಾಗ ಅಬಕಾರಿ ಅಧಿಕಾರಿ ನಿಂತರು. “ಇಲ್ಲಿ ದಾರಿ ಎಲ್ಲಿದೆ ಮೇಷ್ಟ್ರೇ?”

“ಜನ ಹಾರ್ತಾರೆ ಸ್ವಾಮಿ.”

“ಸಾಮಾನ್ಯವಾಗಿ?”

“ಹಾರೋಹಳ್ಳೀಲಿ ಹಾರದೆ ಇನ್ನೆಲ್ಲಿ ಹಾರೋದು?” ಎಂದವರೇ ಮೇಷ್ಟ್ರು ಚಪ್ಪಲಿ ಬಿಟ್ಟರು. ಪಂಚೆಯನ್ನು ಮೊಳಕಾಲ ಮೇಲೆ ಎತ್ತಿ ಕಟ್ಟಿದರು. ಬ್ಯಾಗನ್ನು ನನ್ನ ಕೈಗೆ ಕೊಟ್ಟರು. ಎಪ್ಪತ್ತೊಂದು ವರ್ಷದ ದೇಹ ಎರಡು ಹೆಜ್ಜೆ ಹಿಂದೆ ಹೋಗಿ, ಮಾರಮ್ಮನ ಕಡೆ ತಿರುಗಿ ಕಣ್ಣುಮುಚ್ಚಿ, ಹಾರಿತು. ಬಲಗಾಲು ಆ ದಡ. ಎಡಗಾಲು ಮೋರಿಯೊಳಗೆ, ಮೀನಖಂಡದವರೆಗೆ. ಟೇಪು ಮಾತ್ರ ಕೈಬಿಡಲಿಲ್ಲ.

“ಅರ್ಧ ಸಾಮಾನ್ಯ ಅಂತ ಬರ್ಕೊಳಿ ಸಾರ್,” ಅಂದ ಹಿಂದಿನಿಂದ ಯಾವನೋ.

ಆಗ ಅಂಗಡಿಯವರ ಕಡೆಯ ವಕೀಲರು ಫೈಲು ಬಿಚ್ಚಿದರು. ಮಾಹಿತಿ ಹಕ್ಕಿನಲ್ಲಿ ತೆಗೆಸಿದ ಹಳೇ ಕಾಗದ. “ಇಲ್ಲೊಂದು ಕಲ್ಲು ಚಪ್ಪಡಿ ಇತ್ತು. ಅದು ಇದ್ದಿದ್ರೆ ದಾರಿ ಇದೇ, ಒಪ್ತೀವಿ. ಆದ್ರೆ ಒಂಬತ್ತು ವರ್ಷದ ಹಿಂದೆ ಒಂದು ಅರ್ಜಿ ಬಂದು ತೆಗೆಸಿದ್ದಾರೆ. ‘ಸಂಜೆ ಹೊತ್ತು ಪೋಲಿ ಹುಡುಗರು ಚಪ್ಪಡಿಯ ಮೇಲೆ ಕೂತು ಹರಟೆ ಹೊಡೆಯುವುದರಿಂದ ಬೀದಿಯ ಮರ್ಯಾದೆಗೆ ಧಕ್ಕೆ.’ ಅಕ್ಷರ ಗುರುತು ಸಿಗುತ್ತಾ ಮೇಷ್ಟ್ರೇ?”

ಬೀದಿ ಗಪ್‌ಚುಪ್ಪಾಯಿತು. ಮೇಷ್ಟ್ರು ಕೆಸರುಗಾಲಲ್ಲೇ ನಿಂತು ಓದಿದರು. ಮೊದಲು ಜೇಬಿನಿಂದ ಕೆಂಪು ಪೆನ್ನು ತೆಗೆದು, ಬಿಟ್ಟುಹೋಗಿದ್ದ ಒಂದು ಒತ್ತಕ್ಷರ ಸೇರಿಸಿದರು. ಆಮೇಲೆ ಕಣ್ಣು ಕಾಗದದ ಕೆಳಗೆ ಇಳಿಯಿತು. ಅಲ್ಲಿ ಹಸಿರು ಇಂಕಿನಲ್ಲಿ ಯಾರೋ ಬರೆದಿದ್ದರು: ‘ಕ್ರಮ ಕೈಗೊಳ್ಳಲಾಗಿದೆ.’

ನಿವೃತ್ತಿಯಾದ ಮೇಲೆ ಬರೆದ ಅರ್ಜಿಗಳಲ್ಲಿ ಆ ಎರಡು ಪದವನ್ನು ಅವರು ಕಂಡದ್ದು ಅದೇ ಮೊದಲು. ಚಪ್ಪಡಿಯನ್ನು ಯಾರೋ ಕದ್ದರು ಅಂತಲೇ ಇಷ್ಟು ವರ್ಷ ನಂಬಿದ್ದರು. ಕದ್ದವರ ಮೇಲೆ ಮೂರು ದೂರೂ ಕೊಟ್ಟಿದ್ದರು. ಕಾಗದ ಹಿಡಿದ ಕೈ ಸ್ವಲ್ಪ ನಡುಗಿತು. ಮುಖದ ಮೇಲೆ ಸೋಲು ಹುಡುಕುತ್ತಿದ್ದ ನನಗೆ ಅಲ್ಲಿ ಕಂಡದ್ದು, ಎಸ್ಸೆಸ್ಸೆಲ್ಸಿಯಲ್ಲಿ ದಡ್ಡ ಹುಡುಗ ಪಾಸಾದಾಗ ಮೇಷ್ಟ್ರ ಮುಖ.

“ಇದರದೊಂದು ಜೆರಾಕ್ಸ್ ಕೊಡ್ತೀರಾ ವಕೀಲ್ರೇ?”

ಸಂಜೆ ಕಾಲು ತೊಳೆದುಕೊಂಡು ಜಗಲಿಗೆ ಬಂದರು. ಹೊಸ ಹಾಳೆ, ಹೊಸ ಅರ್ಜಿ: ಮೋರಿಗೆ ಚಪ್ಪಡಿ ಹಾಕಿಸಿಕೊಡುವ ಬಗ್ಗೆ. “ಮೊದಲನೇ ಸಹಿ ನಿಂದು.”

ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಅಜ್ಜಿಯ ಸೊಸೆ ಕೇಳಿದಳು: “ಅಂಗಡಿ ಬರುತ್ತೋ ಇಲ್ವೋ ಮೇಷ್ಟ್ರೇ?”

“ಅದು ಆಮೇಲೆ ಕಣಮ್ಮ. ಮೊದ್ಲು ಚಪ್ಪಡಿ.”