ಪಿಸ್ತೂಲು, ಪೀಠ, ಪಿಂಚಣಿ, ಪುಸ್ತಕ

ಕೊಳ್ಳೇಗಾಲದಲ್ಲಿ ಬರೆದ ಕೂಡಲೇ ದುಡ್ಡು ಎಣಿಸಿಕೊಳ್ಳುವವರು ಇಬ್ಬರೇ. ತಾಲ್ಲೂಕು ಕಚೇರಿ ಮುಂದೆ ಕೂರುವ ಪತ್ರ ಬರಹಗಾರರು ಮತ್ತು ತಾಮ್ರದ ತಗಡಿನ ಮೇಲೆ ಯಂತ್ರ ಬರೆಯುವವರು. ಕಥೆ, ಕವನದವರು ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿ, ಪುಕ್ಕಟೆ ಹಂಚಿ, "ಓದಿದ್ರಾ?" ಎಂದು ಕೇಳುತ್ತ ತಿರುಗಬೇಕು. ಇವರೆಲ್ಲರಿಗಿಂತ ಮೇಲೆ ಇನ್ನೊಂದು ವರ್ಗವಿದೆ. ಒಂದು ಕಾಲಕ್ಕೆ ಸೊಂಟದಲ್ಲಿ ಪಿಸ್ತೂಲು, ಆಮೇಲೆ ತೀರ್ಪು ಹೇಳುವ ಕುರ್ಚಿ, ಪಿಂಚಣಿ ಶುರುವಾದ ಮೇಲೆ ಆತ್ಮಕಥೆ. ಇವರ ಪುಸ್ತಕ ಬಿಡುಗಡೆಗೆ ಜನ ಕರೆಯದಿದ್ದರೂ ಬರುತ್ತಾರೆ. ಹಳೆಯ ಹೆದರಿಕೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಈ ವಂಶದ ಮೂಲಪುರುಷ ನಮ್ಮ ಕಡೆಯವನಲ್ಲ, ಸುರಪುರದ ಟೇಲರ್ ಸಾಹೇಬ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ವ್ಯಾಪಾರಿಯೊಬ್ಬನ ಗುಮಾಸ್ತನಾಗಲು ಬಂದ. ಆ ವ್ಯಾಪಾರವೇ ಮುಳುಗುವ ಹಾಗಿತ್ತು. ಹುಡುಗ ನಿಜಾಮನ ಸೈನ್ಯ ಸೇರಿದ. ಕಾನೂನು, ಭೂಮಾಪನ, ದೇಶಭಾಷೆಗಳನ್ನೆಲ್ಲ ತಾನೇ ಕಲಿತ. ಪೊಲೀಸ್ ಕೆಲಸದಲ್ಲಿದ್ದಾಗ, ದಾರಿಹೋಕರನ್ನು ಕೊಂದು ದೋಚುವ ಠಕ್ಕರ ಜಾಡು ಇನ್ನೇನು ಸಿಕ್ಕಿತು ಅನ್ನುವಾಗ ವರ್ಗವಾಯಿತು, ಹೆಸರೆಲ್ಲ ಠಕ್ಕರನ್ನು ಹತ್ತಿಕ್ಕಿದ ಸ್ಲೀಮನ್ ಸಾಹೇಬನ ಪಾಲಾಯಿತು. ಕಾಡಿನಲ್ಲಿ ತಪ್ಪಿಸಿಕೊಂಡ ಠಕ್ಕನನ್ನು ಟೇಲರ್ 1839ರಲ್ಲಿ 'ಕನ್ಫೆಶನ್ಸ್ ಆಫ್ ಎ ಥಗ್' ಕಾದಂಬರಿಯಲ್ಲಿ ಹಿಡಿದು ಕೂಡಿಹಾಕಿದ. ಇಂಗ್ಲೆಂಡಿನಲ್ಲಿ ಮನೆಮಾತಾದ. ನಮ್ಮಲ್ಲಿ ವರ್ಗವಾದವರು ಶಾಸಕರ ಮನೆಗೋ, ಆಡಳಿತ ನ್ಯಾಯಮಂಡಳಿಯಾದ ಕೆಎಟಿಗೋ ಓಡುತ್ತಾರೆ. ಅವರೆಲ್ಲ ಒಂದೊಂದು ಕಾದಂಬರಿ ಬರೆದಿದ್ದರೆ ಕನ್ನಡದ ಗತಿ ಏನಾಗುತ್ತಿತ್ತೋ, ನೆನೆದರೆ ಕೆಎಟಿಯ ಮೇಲೆ ಗೌರವ ಹುಟ್ಟುತ್ತದೆ.

1841ರಲ್ಲಿ ಟೇಲರ್ ಸುರಪುರಕ್ಕೆ ಬಂದ. ದೊರೆ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. 1853ರವರೆಗೆ ಕಂದಾಯ, ಕಟ್ಟೆ, ಕಚೇರಿ, ನ್ಯಾಯ, ಎಲ್ಲ ಸಾಹೇಬನದೇ. ಹುಡುಗ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಸಾಹೇಬ ಕೆಟ್ಟವನೂ ಅಲ್ಲ, ಜನರ ಮಾತು ಬಲ್ಲವನು, ಕೈ ಶುದ್ಧ ಇದ್ದವನು. ತೊಂದರೆ ಇರುವುದೇ ಅಲ್ಲಿ. ಲಂಚಕೋರನ ಆತ್ಮಕಥೆಯನ್ನು ಯಾರೂ ನಂಬುವುದಿಲ್ಲ. ಒಳ್ಳೆಯವನು ಬರೆದದ್ದನ್ನು ಯಾವ ನ್ಯಾಯಾಲಯಕ್ಕೆ ಒಯ್ಯುವುದು?

ಟೇಲರನ ಆತ್ಮಕಥೆಯಲ್ಲಿ ಒಂದು ಜಾತಕ ಬರುತ್ತದೆ. ಹುಡುಗ 24ನೆಯ ವಯಸ್ಸು ದಾಟುವುದಿಲ್ಲ ಎಂದು ಅದರಲ್ಲಿ ಬರೆದಿದೆಯೆಂದು ಅವನ ತಾಯಿ ರಾಣಿ ಸಾಹೇಬನಿಗೆ ಗುಟ್ಟಾಗಿ ಹೇಳುತ್ತಾಳೆ. ಸಾಹೇಬ ನಕ್ಕು ಬಿಡಬಹುದಿತ್ತು, ಬಿಡಲಿಲ್ಲ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೋತ, ಸೆರೆಸಿಕ್ಕ. ಮರಣದಂಡನೆಯ ತೀರ್ಪಾಯಿತು, ಅದು ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆಗೆ ಬಂದು ನಿಂತಿತು. ಸೆರೆಗೆ ಒಯ್ಯುವ ದಾರಿಯಲ್ಲಿ ಗುಂಡು ಹಾರಿ ಸತ್ತ. ತಾನೇ ಹಾರಿಸಿಕೊಂಡ ಎಂದು ಟೇಲರ್ ಬರೆದ. ಅನುಮಾನ ಇಂದಿಗೂ ಹೋಗಿಲ್ಲ. ನಮ್ಮೂರ ಯಂತ್ರದವರು ಹೇಳಿದ್ದು ಫಲಿಸಿದರೆ ನಾವು ಮೂಢರು. ಸಾಹೇಬರ ಪುಸ್ತಕದಲ್ಲಿ ಫಲಿಸಿದರೆ ಅದು ಪೂರ್ವದೇಶದ ರಹಸ್ಯ, ರಟ್ಟಿನ ಹೊದಿಕೆ, ಲಂಡನ್ ಪ್ರಕಟಣೆ. ಟೇಲರ್ 1876ರಲ್ಲಿ ತೀರಿಕೊಂಡ, ಮರುವರ್ಷ 'ಸ್ಟೋರಿ ಆಫ್ ಮೈ ಲೈಫ್' ಹೊರಬಂತು. ಸಾಕ್ಷಿಯೂ ಅವನೇ, ನ್ಯಾಯಾಧೀಶನೂ ಅವನೇ, ತೀರ್ಪಿನ ನಕಲು ತೆಗೆದವನೂ ಅವನೇ. 'ಅಪ್ಪಾ' ಎಂದ ಹುಡುಗನ ಹೇಳಿಕೆ ಕಡತದಲ್ಲಿಲ್ಲ.

ನಮ್ಮ ಸೀಮೆಗೆ ಇದೆಲ್ಲ ಹೊಸದಲ್ಲ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಪಕ್ಕದ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಇಲ್ಲಿಯವರಿಗೆ ನ್ಯಾಯ ಯಾವತ್ತೂ ದೂರದಿಂದಲೇ ಬರುತ್ತಿತ್ತು, ಬರೆಯುವವರೂ ಹಾಗೆಯೇ. ಬಿಳಿಗಿರಿರಂಗನ ಬೆಟ್ಟದ ಆನೆಗಳ ಬಗ್ಗೆ ಆನೆ ಹಿಡಿಯುವ ಸಾಹೇಬ ಸ್ಯಾಂಡರ್ಸನ್ 1878ರಲ್ಲಿ ದಪ್ಪ ಪುಸ್ತಕ ತಂದ. ಜಾಡು ಹಿಡಿದು ಮುಂದೆ ನಡೆದವನು ಬೆಟ್ಟದ ಬುಡಕಟ್ಟಿನ ಸೋಲಿಗ, ಗುಂಡು ಸಾಹೇಬನದು, ರಕ್ಷಾಪುಟದ ಮೇಲಿನ ಹೆಸರೂ ಸಾಹೇಬನದು. ಕೋವಿ ಮುಟ್ಟದೆ ಬರೆದವರು ಯಳಂದೂರಿನಲ್ಲೂ ಇದ್ದರು. ಮೈಸೂರು ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿದೇ ಕಾವ್ಯ ಬರೆದ ಹೊನ್ನಮ್ಮನಿಗಿಂತ ಬೇರೆ ಬೇಕೇ? ಅವಳ ಮೇಲೆ ಭಾಷಣ ಮಾಡಲು ಮಾತ್ರ ನಾವು ನಿವೃತ್ತ ಅಧಿಕಾರಿಗಳನ್ನೇ ಹುಡುಕುತ್ತೇವೆ.

ಹನೂರಿನ ಕಡೆ ಬನ್ನಿ. ಕಾಡುಗಳ್ಳ ವೀರಪ್ಪನ್ 2004ರಲ್ಲಿ ಪೊಲೀಸರ ಗುಂಡಿಗೆ ಸತ್ತ. ಆ ಕಾರ್ಯಾಚರಣೆಯ ಮುಖ್ಯಸ್ಥ ಕೆ. ವಿಜಯಕುಮಾರ್ ಅವರ ಪುಸ್ತಕ 2017ರಲ್ಲಿ ಬಂತು. ಅಷ್ಟು ದೊಡ್ಡ ಬೇಟೆಯ ಮೇಲೆ ಪುಸ್ತಕ ಬರಲಿ, ಬೇಡ ಅನ್ನುವವರು ಯಾರು? ಆದರೆ ಆ ಕಾಡಂಚಿನಲ್ಲಿ ಇನ್ನೊಂದು ಬರವಣಿಗೆಯೂ ನಡೆಯಿತು. 1999ರಲ್ಲಿ ನೇಮಕವಾದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಹಳ್ಳಿಯವರು, ಸೋಲಿಗರು ಬಂದು, ವೀರಪ್ಪನ್ ಬೇಟೆಗೆ ಬಂದ ವಿಶೇಷ ಕಾರ್ಯಪಡೆಯ ಶಿಬಿರಗಳಲ್ಲಿ ತಮ್ಮ ಮೈಮೇಲೆ ಏನೇನಾಯಿತು ಎಂದು ಹೇಳಿಕೊಂಡರು. 2007ರಲ್ಲಿ ಮಾನವ ಹಕ್ಕು ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು. ಆ ಹೇಳಿಕೆಗಳಿಗೆ ಬಣ್ಣದ ರಕ್ಷಾಪುಟವಿಲ್ಲ, ವಿಮಾನ ನಿಲ್ದಾಣದ ಅಂಗಡಿಯಲ್ಲಿ ಜಾಗವಿಲ್ಲ. "ಬುದ್ಧೀ, ನಂಗೇನೂ ಗೊತ್ತಿಲ್ಲ" ಎಂದು ಕೈಮುಗಿದವನ ಮಾತಿಗೆ ಸಿನಿಮಾ ಹಕ್ಕು ಕೊಳ್ಳುವವರು ಎಲ್ಲಿ ಸಿಗಬೇಕು?

ಆಗಲಿ, ಯಾರಾದರೂ ಧೈರ್ಯ ಮಾಡಿ ಅವನ್ನೆಲ್ಲ ಸೇರಿಸಿ ಕನ್ನಡದಲ್ಲಿ ಪುಸ್ತಕ ತಂದರು ಅಂದುಕೊಳ್ಳಿ. ಹನೂರಿನಲ್ಲೇ ಬಿಡುಗಡೆ. ಆಹ್ವಾನ ಪತ್ರಿಕೆಯನ್ನು ಈಗಲೇ ಬರೆದುಕೊಡಬಲ್ಲೆ. ಉದ್ಘಾಟನೆ ಮಾನ್ಯ ಶಾಸಕರು, ಅಧ್ಯಕ್ಷತೆ ನಿವೃತ್ತ ಪೊಲೀಸ್ ಅಧಿಕಾರಿಗಳು, ಮುಖ್ಯ ಅತಿಥಿ ನಿವೃತ್ತ ಅರಣ್ಯಾಧಿಕಾರಿಗಳು, ಪುಸ್ತಕ ಪರಿಚಯ ನಿವೃತ್ತ ಪ್ರಾಂಶುಪಾಲರು. ಹೇಳಿಕೆ ಕೊಟ್ಟವರು ಕಟ್ಟಕಡೆಯ ಸಾಲಿನಲ್ಲಿ, 'ಸರ್ವರಿಗೂ ಆದರದ ಸ್ವಾಗತ' ಎಂಬುದರೊಳಗೆ ಸೇರಿಕೊಂಡಿರುತ್ತಾರೆ.