ಕಿಟಕಿ ಕೀಳಿಸೋಕೆ ಮುಂಚೆ

ಏನಮ್ಮಾ, ಬಟ್ಟೆ ಹರವಿದ್ದಾಯ್ತಾ? ಹಾಗೇ ಬೇಲಿ ಹತ್ತಿರ ಬಾ, ಒಂದು ಮಾತಿದೆ. ನಿನ್ನೆ ನಿಮ್ಮನೆ ಮುಂದೆ ಒಬ್ಬ ಹುಡುಗ ಟೇಪು ಹಿಡಿದು ಕಿಟಕಿ ಅಳೀತಿದ್ದ. ಸಂಜೆ ನಿಮ್ಮವರು ಸಿಕ್ಕಿದಾಗ ಕೇಳಿದೆ. ಮುಂದಿನ ಮರದ ಕಿಟಕಿಗಳನ್ನೆಲ್ಲ ಕೀಳಿಸಿ ಪ್ಲಾಸ್ಟಿಕ್ಕಿನವು ಹಾಕಿಸ್ತೀರಂತೆ. ಸಹಿ ಹಾಕಿಬಿಟ್ರಾ? ಇಲ್ಲ ತಾನೆ? ಸದ್ಯ.

ನಿನ್ನ ಕಷ್ಟ ನನಗೆ ಅರ್ಥ ಆಗಲ್ಲ ಅಂತಲ್ಲ. ಇಂಗ್ಲೆಂಡಿನ ಈ ರೆಡಿಂಗ್‌ನಲ್ಲಿ ಜನವರಿ ಬಂತು ಅಂದರೆ ಮುಚ್ಚಿದ ಕಿಟಕಿ ಮುಂದೆಯೇ ಪರದೆ ಅಲುಗಾಡುತ್ತೆ. ಗಾಳಿ ಜೋರಾದರೆ ರಾತ್ರಿಯೆಲ್ಲ ಗಡಗಡ. ಮೇಲಿನ ಸ್ಯಾಶ್, ಅಂದರೆ ಮೇಲೆ ಕೆಳಗೆ ಜಾರೋ ಗಾಜಿನ ಚೌಕಟ್ಟು, ಅಲ್ಲಾಡೋದೇ ಇಲ್ಲ, ಕೆಳಗಿನದನ್ನ ಎತ್ತಿ ಕೈ ಬಿಟ್ಟರೆ ಧಡ್ ಅಂತ ಬೀಳುತ್ತೆ. ಮನೇಲಿ ಓಡಾಡೋ ಮಗು ಬೇರೆ. ಆದರೆ ಈ ದೂರುಗಳನ್ನ ಒಂದೊಂದಾಗಿ ಬಿಡಿಸಿ ನೋಡು. ಗಾಳಿ ನುಗ್ತಿರೋದು ಸ್ಯಾಶನ್ನ ಹಿಡಿದಿಡೋ ಮರದ ಪಟ್ಟಿ, ಅದೇ ಬೀಡಿಂಗು, ಸವೆದು ಆದ ಸಂದಿಯಿಂದ. ಗಡಗಡ ಅನ್ನೋದೂ ಅದೇ ಸಂದಿ. ಮೇಲಿನದು ಅಲ್ಲಾಡದೆ ಇರೋದು ಬಣ್ಣದ ಮೇಲೆ ಬಣ್ಣ ಬಳಿದು ಅಂಟಿಕೊಂಡಿರೋದಕ್ಕೆ. ಕೆಳಗಿನದು ಬೀಳೋದು ಒಳಗಿನ ಹಗ್ಗ ಕಡಿದಿರೋದಕ್ಕೆ. ಇದರಲ್ಲಿ ಮರ ಕೆಟ್ಟಿದೆ ಅನ್ನೋ ಮಾತು ಎಲ್ಲಿ ಬಂತು?

ಹಗ್ಗ ಎಲ್ಲಿದೆ ಅಂತೀಯಾ? ಕಿಟಕಿಯ ಎಡಕ್ಕೂ ಬಲಕ್ಕೂ ಇರೋ ಮರ ಗಟ್ಟಿ ಮರ ಅಲ್ಲ ಕಣಮ್ಮ, ಟೊಳ್ಳು ಪೆಟ್ಟಿಗೆ. ಅದರೊಳಗೆ ಎರಕದ ಕಬ್ಬಿಣದ ಉದ್ದನೆ ಗುಂಡುಗಳು ನೇತಾಡ್ತಿರುತ್ತವೆ. ನಮ್ಮ ಬಾವಿಯ ರಾಟೆ ಇದ್ದ ಹಾಗೇ, ಮೇಲೊಂದು ಪುಟ್ಟ ಹಿತ್ತಾಳೆ ರಾಟೆ, ಅದರ ಮೇಲೆ ಹತ್ತಿ ಹಗ್ಗ, ಹಗ್ಗದ ಒಂದು ತುದಿಗೆ ಗುಂಡು, ಇನ್ನೊಂದು ತುದಿಗೆ ಸ್ಯಾಶ್. ಸ್ಯಾಶ್ ಮೇಲೆ ಹೋದರೆ ಗುಂಡು ಕೆಳಗಿಳಿಯುತ್ತೆ. ಅದರ ಲೆಕ್ಕ ಎಷ್ಟು ಚೆನ್ನಾಗಿದೆ ನೋಡು: ಮೇಲಿನ ಸ್ಯಾಶಿನ ಗುಂಡುಗಳು ಸ್ಯಾಶಿಗಿಂತ ಒಂಚೂರು ಭಾರ, ಅದಕ್ಕೇ ಅದು ಮೇಲೇ ನಿಲ್ಲುತ್ತೆ. ಕೆಳಗಿನದರ ಗುಂಡುಗಳು ಒಂಚೂರು ಹಗುರ, ಅದಕ್ಕೇ ಅದು ಕೆಳಗೆ ಕೂತು ಸರಿಯಾಗಿ ಮುಚ್ಚಿಕೊಳ್ಳುತ್ತೆ. ಸ್ಪ್ರಿಂಗ್ ಇಲ್ಲ, ಮೋಟರ್ ಇಲ್ಲ. ನೂರು ವರ್ಷ ಬಿಟ್ಟು ಬಿಚ್ಚಿದರೂ ಆ ಗುಂಡಿಗೆ ಏನೂ ಆಗಿರಲ್ಲ, ಕೆಡೋದು ಹಗ್ಗ ಒಂದೇ.

ಬಿಚ್ಚೋದೂ ಕಷ್ಟ ಅಲ್ಲ, ಬಿಚ್ಚೋದಕ್ಕೆಂದೇ ಮಾಡಿರೋದು. ಒಳಗಡೆ ಸುತ್ತ ಇರೋ ಬೀಡಿಂಗಿನ ನಡುಭಾಗದಲ್ಲಿ ಅಗಲವಾದ ಉಳಿ ತೂರಿಸಿ ಮೆಲ್ಲಗೆ ಮೀಟಿದರೆ ಪಟ್ಟಿ ಬಿಲ್ಲಿನ ಹಾಗೆ ಬಾಗಿ ಈಚೆಗೆ ಬರುತ್ತೆ. ತುದಿಯಿಂದ ಮೀಟಿದರೆ ಮೂಲೆ ಸೀಳಿಹೋಗುತ್ತೆ, ನೆನಪಿಟ್ಟುಕೋ. ಆಮೇಲೆ ಕೆಳಗಿನ ಸ್ಯಾಶ್ ಕಿಟಕಿಯಿಂದ ಕಳಚಿ ಕೈಗೆ ಬರುತ್ತೆ. ಚೌಕಟ್ಟಿನ ಪಕ್ಕದಲ್ಲಿ ಕೆಳಗಡೆ ಒಂದು ಸಣ್ಣ ಮುಚ್ಚಳ ಇರುತ್ತೆ, ಬಣ್ಣದಡಿ ಮುಚ್ಚಿಹೋಗಿರುತ್ತೆ. ಅದನ್ನ ಎಬ್ಬಿಸಿ ಕೈ ಹಾಕಿದರೆ ಧೂಳಿನೊಳಗೆ ಗುಂಡು ಬಿದ್ದಿರುತ್ತೆ. ಹೊಸ ಹಗ್ಗ ಏರಿಸೋಕೆ ಬಡಗಿಗಳು ದಾರದ ತುದಿಗೆ ಸೀಸದ ಚೂರು ಕಟ್ಟಿ ರಾಟೆ ಮೇಲಿಂದ ಒಳಕ್ಕೆ ಬಿಡ್ತಾರೆ. ಅದಕ್ಕೆ ಅವರು ಇಲಿ ಅಂತಲೇ ಹೆಸರಿಟ್ಟಿದ್ದಾರೆ. ಇಲಿ ಸರಸರ ಇಳಿದು ಮುಚ್ಚಳದ ಬಾಯಿಗೆ ಬಂತು ಅಂದರೆ ಅರ್ಧ ಕೆಲಸ ಮುಗೀತು.

ಬಾ, ಹೊರಗಡೆಯಿಂದ ನಿಮ್ಮ ಕಿಟಕಿ ತೋರಿಸ್ತೀನಿ. ಇಟ್ಟಿಗೆ ಪಕ್ಕದಲ್ಲಿ ಮರ ಒಂದು ತೆಳು ಗೆರೆಯಷ್ಟು ಕಾಣುತ್ತೆ, ಉಳಿದ ಪೆಟ್ಟಿಗೆಯೆಲ್ಲ ಇಟ್ಟಿಗೆ ಹಿಂದೆ ಅಡಗಿದೆ. ಇದು ಸುಮ್ಮನೆ ಬಂದಿದ್ದಲ್ಲ. ಬೆಂಕಿ ಮನೆಯಿಂದ ಮನೆಗೆ ಹರಡಬಾರದು ಅಂತ 1709ರಲ್ಲಿ ಲಂಡನ್ನಿನಲ್ಲಿ ಕಿಟಕಿ ಚೌಕಟ್ಟನ್ನ ಗೋಡೆಯ ಮುಖದಿಂದ ನಾಲ್ಕಿಂಚು ಒಳಕ್ಕೆ ಇಡಬೇಕು ಅಂತ ಕಾನೂನು ಮಾಡಿದರು. 1774ರಲ್ಲಿ ಪೆಟ್ಟಿಗೆಯನ್ನೇ ಇಟ್ಟಿಗೆ ಹಿಂದೆ ಹುದುಗಿಸಬೇಕು ಅಂದರು. ಆ ಪದ್ಧತಿಯೇ ಬೇರೆ ಊರುಗಳಿಗೂ ಹೋಯ್ತು. ಹಳೇ ಮನೆಗಳಲ್ಲಿ ಒಂದೊಂದು ಸ್ಯಾಶಿಗೆ ಆರಾರು ಚಿಕ್ಕ ಗಾಜು ಇರುತ್ತಿದ್ದವು, ನಿಮ್ಮದಕ್ಕೆ ಒಂದೊಂದೇ ದೊಡ್ಡದು. ಗಾಜಿನ ಮೇಲಿನ ಸುಂಕ 1845ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ಹೋದವು. ಆಮೇಲೆ ದೊಡ್ಡ ಗಾಜು ಸಾಮಾನ್ಯರ ಕೈಗೂ ಎಟುಕಿತು. ದೊಡ್ಡ ಗಾಜು ಅಂದರೆ ಭಾರ. ಆ ಭಾರಕ್ಕೆ ಮೂಲೆಯ ಕೂಡು ಬಿಡಬಾರದು ಅಂತ ಮೇಲಿನ ಸ್ಯಾಶಿನ ಎರಡೂ ಪಕ್ಕದಲ್ಲಿ ಮರವನ್ನ ಸ್ವಲ್ಪ ಕೆಳಕ್ಕೆ ಇಳಿಬಿಟ್ಟಿದ್ದಾರೆ, ಕೊಂಬಿನ ಹಾಗೆ. ಕಾಣ್ತಾ? ಚೆಂದಕ್ಕೆ ಅಂದುಕೊಂಡಿದ್ದೆಯಾ!

ಆ ಗಾಜನ್ನೂ ನೋಡು. ತಲೆ ಸ್ವಲ್ಪ ಆಚೀಚೆ ಆಡಿಸಿದರೆ ಎದುರುಮನೆಯ ಚಿಮಣಿ ಕೊಂಕುತ್ತೆ. ಗಾಜನ್ನ ಕರಗಿದ ತವರದ ಮೇಲೆ ತೇಲಿಸಿ ಸಪಾಟು ಮಾಡೋ ವಿಧಾನವನ್ನ ಪಿಲ್ಕಿಂಗ್ಟನ್ ಕಂಪನಿಯವರು ಹೊರಗೆ ತಂದಿದ್ದು 1959ರಲ್ಲಿ. ಅದಕ್ಕಿಂತ ಹಿಂದಿನ ಕಿಟಕಿ ಗಾಜಿನಲ್ಲಿ ಸಾಮಾನ್ಯವಾಗಿ ಈ ಅಲೆ ಇರುತ್ತೆ. ಒಡೆದರೆ ಇಂಥದ್ದು ಸುಲಭವಾಗಿ ಸಿಗಲ್ಲ.

ಇನ್ನು ಚಳಿಯ ಮಾತು. ಇಂಗ್ಲೆಂಡಿನಲ್ಲೂ ಸ್ಕಾಟ್ಲೆಂಡಿನಲ್ಲೂ ಹಳೇ ಕಟ್ಟಡ ನೋಡಿಕೊಳ್ಳೋ ಸಂಸ್ಥೆಗಳು ಇಂಥ ಕಿಟಕಿಗಳನ್ನ ಪ್ರಯೋಗಾಲಯದಲ್ಲಿ ಇಟ್ಟು ಪರೀಕ್ಷೆ ಮಾಡಿಸಿವೆ. ರಿಪೇರಿ ಮಾಡಿ ಬ್ರಷ್ ಪಟ್ಟಿ ಕೂರಿಸಿದರೆ ನುಸುಳೋ ಗಾಳಿ ಶೇ 80ಕ್ಕಿಂತ ಹೆಚ್ಚು ತಗ್ಗಿತು. ಒಳಗಡೆಯಿಂದ ಇನ್ನೊಂದು ಗಾಜಿನ ಚೌಕಟ್ಟು ಹಾಕಿದರೆ ಗಾಜಿನ ಮೂಲಕ ಹೋಗೋ ಶಾಖ ಅರ್ಧಕ್ಕಿಂತ ಕಡಿಮೆ ಆಯ್ತು. ರಸ್ತೆ ಸದ್ದೂ ಕಡಿಮೆ ಆಗುತ್ತೆ, ಕಿಟಕಿ ಹಾಗೇ ಉಳಿಯುತ್ತೆ. ಅದೂ ಅಲ್ಲದೆ ನಮ್ಮ ಈ ಗೋಡೆಗಳು ಒಂಬತ್ತಿಂಚಿನ ಬರೀ ಇಟ್ಟಿಗೆ, ನಡುವೆ ಟೊಳ್ಳಿಲ್ಲ. ಶಾಖ ಗೋಡೆಯಿಂದಲೂ ಛಾವಣಿಯಿಂದಲೂ ಹೋಗುತ್ತೆ. ನಿಮ್ಮ ಅಟ್ಟದಲ್ಲಿ ಶಾಖ ತಡೆಯೋ ಉಣ್ಣೆ ಹಾಸಿದ್ದಾರಾ, ಎಷ್ಟು ದಪ್ಪ ಇದೆ? 270 ಮಿಲಿಮೀಟರ್ ಇರಬೇಕು ಅಂತಾರೆ. ದುಡ್ಡು ಅಲ್ಲಿಂದ ಶುರುವಾಗಲಿ.

ಮೇಲಿನ ಸ್ಯಾಶ್ ಬಿಡಿಸಿದರೆ ಏನಾಗುತ್ತೆ ಗೊತ್ತಾ? ಮೇಲೊಂದಿಷ್ಟು, ಕೆಳಗೊಂದಿಷ್ಟು ತೆರೆದರೆ ಬಿಸಿಗಾಳಿ ಮೇಲಿಂದ ಹೊರಗೆ, ತಣ್ಣನೆಯದು ಕೆಳಗಿಂದ ಒಳಗೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಮನೆಮಂದಿಯೆಲ್ಲ ಕೆಮ್ಮೋ ಪಾಡು ತಪ್ಪುತ್ತೆ. 2022ರ ಜುಲೈನಲ್ಲಿ ಈ ದೇಶದಲ್ಲಿ ಮೊದಲ ಸಲ 40 ಡಿಗ್ರಿ ದಾಟಿತಲ್ಲ, ಆಗ ಹೊತ್ತು ಇಳಿದ ಮೇಲೆ ಹೀಗೆ ತೆರೆದಿಟ್ಟೇ ನಾವು ನಿದ್ದೆ ಮಾಡಿದ್ದು. ಮಗು ಹತ್ತೀತು ಅನ್ನೋ ಭಯಕ್ಕೆ ಸ್ಯಾಶ್ ಸ್ಟಾಪ್ ಸಿಗುತ್ತೆ, ಹತ್ತು ಸೆಂಟಿಮೀಟರಿಗಿಂತ ಹೆಚ್ಚು ತೆರೆಯೋಕೆ ಬಿಡಲ್ಲ.

ಮರ ನಿಜವಾಗಿ ಕೆಟ್ಟಿದ್ದರೆ? ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಗೆದ್ದಲ ಕಾಟವಿಲ್ಲ, ಆದರೆ ನೀರು ನಿಲ್ಲೋ ಕಡೆ ಮರ ಲಡ್ಡು ಹಿಡಿಯುತ್ತೆ. ಕೆಳಗಿನ ಅಡ್ಡಪಟ್ಟಿ, ಕಿಟಕಿಯ ಹೊಸ್ತಿಲು, ಇವೆರಡು ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡು. ಮೆತ್ತಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ತುಂಡು ಬೆಸೀಬಹುದು. ಪೂರ್ತಿ ಹೋಗಿದ್ದರೆ ಆ ಸ್ಯಾಶ್ ಒಂದನ್ನೇ ಹೊಸದಾಗಿ ಮಾಡಿಸಿ ಹಳೇ ಪೆಟ್ಟಿಗೆಯಲ್ಲೇ ಕೂರಿಸಬಹುದು. ಆಗ ಎರಡು ಪದರದ ಗಾಜು ಬೇಕು ಅಂದರೆ ತೂಕ ಏರುತ್ತೆ, ಕಬ್ಬಿಣ ಸಾಲದು, ಸೀಸದ ಗುಂಡು ಹಾಕಬೇಕಾಗುತ್ತೆ. ಹೊಸ ಮರಕ್ಕೆ ಅಕೋಯಾ ಅನ್ನೋ ಸಂಸ್ಕರಿಸಿದ ಮರ ಕೇಳು, ನೀರು ಕುಡಿದು ಉಬ್ಬೋದು ಬಹಳ ಕಡಿಮೆ. ಉಳಿದದ್ದನ್ನ ಮಾತ್ರ ಕೀಳಬೇಡ. ಈ ಕಿಟಕಿಗಳನ್ನ ಮಾಡಿದ ಕಾಲದಲ್ಲಿ ಬಾಲ್ಟಿಕ್ ಕಡೆಯಿಂದ ಬರ್ತಿದ್ದ ಪೈನು ಚಳಿಯಲ್ಲಿ ನಿಧಾನವಾಗಿ ಬೆಳೆದದ್ದು, ಉಂಗುರಗಳು ಒತ್ತೊತ್ತಾಗಿರುತ್ತವೆ. ಅವಸರಕ್ಕೆ ಬೆಳೆಸಿದ ಮರದಲ್ಲಿ ಆ ಕಸುವಿಲ್ಲ. ಪ್ಲಾಸ್ಟಿಕ್ಕಿನದು ಹಾಕಿಸಿದರೆ ಒಂದು ದಿನ ಎರಡು ಗಾಜಿನ ನಡುವಿನ ಸೀಲು ಹೋಗಿ ಒಳಗೆ ಮಂಜು ಕಟ್ಟುತ್ತೆ. ಆ ಮಂಜನ್ನ ಯಾವ ಬಟ್ಟೆಯಿಂದಲೂ ಒರೆಸೋಕಾಗಲ್ಲ, ಗಾಜನ್ನೇ ಬದಲಾಯಿಸಬೇಕು. ಚೌಕಟ್ಟು ಸೀಳಿದರೆ ಅದಕ್ಕೆ ತುಂಡು ಬೆಸೆಯೋ ಬಡಗಿ ಎಲ್ಲೂ ಸಿಗಲ್ಲ.

ಒಂದು ಎಚ್ಚರ ಮಾತ್ರ ಹೇಳಲೇಬೇಕು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಮಕ್ಕಳಿಗೆ ಬಹಳ ಕೆಟ್ಟದ್ದು. ಒಣ ಉಪ್ಪುಕಾಗದ ಹಾಕಿ ಉಜ್ಜಬೇಡಿ, ಬೆಂಕಿ ಹಿಡಿದು ಸುಡಲೂಬೇಡಿ. ಪರೀಕ್ಷೆ ಕಿಟ್ ಅಂಗಡಿಯಲ್ಲಿ ಸಿಗುತ್ತೆ. ಸೀಸ ಇದೆ ಅಂತ ತೋರಿಸಿದರೆ ಒದ್ದೆ ಮಾಡಿಕೊಂಡೇ ಕೆರೆಯಬೇಕು, ಆ ಹೊತ್ತು ಮಗುವನ್ನ ನನ್ನ ಹತ್ತಿರ ಬಿಡು. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಅನುಮತಿ ಇಲ್ಲದೆ ಕಿಟಕಿ ಕೀಳೋದು ಅಪರಾಧ. ನಿಮ್ಮದು ಇರಲಿಕ್ಕಿಲ್ಲ, ಆದರೂ ಕೌನ್ಸಿಲಿನವರನ್ನ ಒಂದು ಮಾತು ಕೇಳಿ.

ಸರಿ, ಕುಕ್ಕರ್ ಕೂಗ್ತಿದೆ, ಹೋಗು. ಆ ಹುಡುಗನಿಗೆ ಒಂದು ವಾರ ಬಿಟ್ಟು ಹೇಳ್ತೀವಿ ಅಂತ ತಿಳಿಸು. ಶನಿವಾರ ನಿಮ್ಮವರಿಗೆ ರಜೆ ತಾನೆ? ಹಿಂದಿನ ಕೋಣೆಯದು ಚಿಕ್ಕ ಕಿಟಕಿ, ಮೊದಲು ಅದನ್ನ ಬಿಚ್ಚೋಣ. ಉಳಿ, ಹಗ್ಗ ಎರಡೂ ನಮ್ಮನೇಲಿವೆ. ಗಾಜಿಗೆ ಹಚ್ಚೋ ಅಗಸೆ ಎಣ್ಣೆಯ ಪುಟ್ಟಿ ಮಾತ್ರ ಮುಗಿದಿದೆ, ಅವರು ಬರೋವಾಗ ಒಂದು ಡಬ್ಬಿ ತರೋಕೆ ಹೇಳು.