ಉದ್ರಿ ಖಾತೆಯ ಕ್ವೀನ್

ರಾಕ್ ಸಂಗೀತ ಕೇಳುವವರಲ್ಲೂ ಪಂಕ್ತಿಭೇದ ಉಂಟು. ಒಂದು ಬ್ಯಾಂಡಿನ ಎಲ್ಲ ಆಲ್ಬಮ್ಮುಗಳನ್ನೂ, ಬಂದ ಕ್ರಮದಲ್ಲೇ, ಒಂದು ಹಾಡೂ ಬಿಡದೆ ಕೇಳಿದವರು ಒಳಪಂಕ್ತಿಯವರು. ಅವರಲ್ಲೂ ಮೂಲ ಎಲ್‌ಪಿ ಇಟ್ಟುಕೊಂಡವರ ಎಲೆಗೆ ತುಪ್ಪ ಒಂದು ಮಿಳ್ಳೆ ಜಾಸ್ತಿ. ‘ಗ್ರೇಟೆಸ್ಟ್ ಹಿಟ್ಸ್’ ಎಂದು ಬರೆದ ಒಂದೇ ಕ್ಯಾಸೆಟ್ಟಿನಲ್ಲಿ ಕಾಲ ತಳ್ಳಿದ ನನ್ನಂಥವರಿಗೆ ಹೊರಗಿನ ಜಗಲಿ, ಉಳಿದರೆ ಬಡಿಸುತ್ತಾರೆ.

ನನ್ನ ಅಕ್ಕನ ಮಗ ಒಳಪಂಕ್ತಿಯವ. ಮುಂಬಯಿಯ ಲೋವರ್ ಪರೇಲಿನ ಗಾಜಿನ ಕಟ್ಟಡವೊಂದರಲ್ಲಿ ಅವನ ಆಫೀಸು. ಸಂಬಳದ ಒಂದು ಪಾಲು ಹಳೇ ಎಲ್‌ಪಿಗಳಿಗೆ ಹೋಗುತ್ತದೆ. ಅವುಗಳ ಧೂಳು ಒರೆಸುವಾಗ ಉಸಿರು ಬಿಗಿಹಿಡಿಯುತ್ತಾನೆ. ಹೆತ್ತ ತಾಯಿಗೆ ಫೋನ್ ಮಾಡುವಾಗಲೂ ಅಷ್ಟು ಜಾಗ್ರತೆ ಇಲ್ಲ. ಕ್ವೀನ್ ಬ್ಯಾಂಡಿನದೆಂದು ನನ್ನ ಹತ್ತಿರ ಇರುವುದು ಗ್ರೇಟೆಸ್ಟ್ ಹಿಟ್ಸ್ ಮಾತ್ರ ಎಂದು ತಿಳಿದಾಗ ಅವನು ಮರುಕದಿಂದ ಹೇಳಿದ: “ಮಾಮ, ಹಾಗಾದ್ರೆ ನೀವು ಫ್ಯಾನ್ ಅಲ್ಲ. ಬರೀ ಗಿರಾಕಿ.”

ಗಿರಾಕಿ ಎಂಬುದು ಬೈಗುಳ ಅಂತ ಅವನ ಲೆಕ್ಕ. ಹೋಟೆಲಿನ ಗಲ್ಲಾದ ಮಗ್ಗುಲಲ್ಲಿ ಬೆಳೆದ ನನಗೆ ಅದಕ್ಕಿಂತ ದೊಡ್ಡ ಬಿರುದು ಗೊತ್ತಿಲ್ಲ.

ಮಾವನ ಹೋಟೆಲು ಪರೇಲಿನಲ್ಲಿ ಬಟ್ಟೆ ಗಿರಣಿಯೊಂದರ ಗೇಟಿನ ಎದುರಿಗಿತ್ತು. ಎಂಟನೇ ಕ್ಲಾಸಿಗೆ ಕೈಮುಗಿದು ಕುಂದಾಪುರದಿಂದ ನಾನು ಬಂದಿಳಿಯುವಷ್ಟರಲ್ಲಿ ಆ ಗೇಟಿಗೆ ಬೀಗ ಬಿದ್ದಿತ್ತು. ಕ್ವೀನ್‌ನ ಗ್ರೇಟೆಸ್ಟ್ ಹಿಟ್ಸ್ ಇಂಗ್ಲೆಂಡಿನಲ್ಲಿ ಹೊರಬಂದದ್ದು 1981ರ ಕೊನೆಗೆ. ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತಿಗೆ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದು 1982ರ ಜನವರಿ 18ಕ್ಕೆ. ಆ ಮುಷ್ಕರ ಇಂಥ ದಿನ ಮುಗಿಯಿತು ಎಂದು ಯಾರೂ ಘೋಷಿಸಲೇ ಇಲ್ಲ. ಮಾವನ ಉದ್ರಿ ಪುಸ್ತಕವೂ ಹಾಗೇ ಮುಗಿಯದೆ ಉಳಿಯಿತು. ಚಹಾ, ಉಸಳ್, ಪಾವ್ ಎಂದು ಪುಟಗಟ್ಟಲೆ ಬಾಕಿ. ಕಾರ್ಮಿಕರ ಹತ್ತಿರ ಅವರು ಒಂದು ದಿನವೂ ಕೇಳಿದವರಲ್ಲ. ಆದರೆ ಹತ್ತಿರದ ಮೆಡಿಕಲ್ ಕಾಲೇಜಿನ ಹುಡುಗನೊಬ್ಬನ ಬಾಕಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. “ಅಂವ ಡಾಕ್ಟ್ರ್ ಆಪವ. ಈಗ್ಳೇ ವಸೂಲ್ ಮಾಡ್ಕ್. ಮತ್ತೆ ಅವ್ನೇ ನಮ್ಮತ್ರ ವಸೂಲ್ ಮಾಡ್ತ” ಎನ್ನುತ್ತಿದ್ದರು.

ಆ ಭಾವೀ ಡಾಕ್ಟರು ಒಂದು ರಾತ್ರಿ ದುಡ್ಡಿನ ಬದಲು ಕ್ಯಾಸೆಟ್ಟೊಂದನ್ನು ಗಲ್ಲಾದ ಮೇಲೆ ಅಡ ಇಟ್ಟ. ಬಿಡಿಸಿಕೊಳ್ಳಲು ಬರಲೇ ಇಲ್ಲ. ಹಾಗೆ, ಇಡ್ಲಿ ವಡೆಯ ಬಾಬ್ತು, ಕ್ವೀನ್ ನಮ್ಮ ಮನೆ ಸೇರಿತು.

ಕಂಪನಿಯಿಂದ ಅಚ್ಚಾಗಿ ಬಂದ ಕ್ಯಾಸೆಟ್ಟಲ್ಲ ಅದು. ಆ ಕಾಲದಲ್ಲಿ ಖಾಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡು ತುಂಬಿಸಿಕೊಡುವ ಅಂಗಡಿಗಳು ಗಲ್ಲಿಗೊಂದಿದ್ದವು. ಅರವತ್ತು ನಿಮಿಷದ ಬಿಳಿ ಕ್ಯಾಸೆಟ್ಟು. ಲೇಬಲ್ಲಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ‘QUEEN’ ಎಂದು ಬರೆಯಲು ಹೊರಟ ಅಂಗಡಿಯವ ಒಂದು ಅಕ್ಷರ ನುಂಗಿದ್ದ. ಟೇಪಿಗೆ ಒತ್ತು ಕೊಡುವ ಮೆತ್ತೆಯ ಚೂರು ಕಿತ್ತು ಬಂದದ್ದನ್ನು ಯಾರೋ ಫೆವಿಕಾಲಿನಲ್ಲಿ ಅಂಟಿಸಿದ್ದರು. ಆಲ್ಬಮ್ಮಿನ ಹದಿನೇಳು ಹಾಡುಗಳಿಗೆ 58 ನಿಮಿಷ ಸಾಕು. ಉಳಿದ ಎರಡು ನಿಮಿಷದ ಟೇಪನ್ನು ದಂಡ ಮಾಡಲು ಅಂಗಡಿಯವನಿಗೆ ಮನಸ್ಸು ಬರಲಿಲ್ಲವೋ ಏನೋ, ಕೊನೆಗೆ ಗಣಪತಿ ಆರತಿ ತುಂಬಿಸಿಬಿಟ್ಟಿದ್ದ. ಅದೂ ಪೂರ್ತಿ ಹಿಡಿಸಿರಲಿಲ್ಲ. ‘ವಿ ಆರ್ ದ ಚಾಂಪಿಯನ್ಸ್’ ಮುಗಿಯುತ್ತಿದ್ದ ಹಾಗೆ ತಾಳ, ಜಾಗಟೆ. ದೇವರ ಗುಣಗಾನ ನಡುವಿನಲ್ಲಿರುವಾಗ ಟಕ್ಕೆಂದು ಟೇಪು ಖಲಾಸ್.

ಹೋಟೆಲಿನ ಟೇಪ್‌ರೆಕಾರ್ಡರು ಇದ್ದದ್ದು ಬೆಳಗಿನ ಸುಪ್ರಭಾತಕ್ಕೆ. ರಾತ್ರಿ ಶಟರ್ ಎಳೆದ ಮೇಲೆ ನಾವು ಹುಡುಗರು ಅದನ್ನು ಪೋಟಮಾಳಾಕ್ಕೆ ಏರಿಸಿಕೊಳ್ಳುತ್ತಿದ್ದೆವು. ತಲೆ ಎತ್ತಿದರೆ ಪತ್ರಾಸು ಬಡಿಯುವ ಆ ಅಟ್ಟದ ಮೇಲೆ ಮಲಗಿ ‘ಬೊಹೇಮಿಯನ್ ರ್‍ಹಾಪ್ಸಡಿ’ ಕೇಳುವುದು. ಹಾಡಿನ ನಡುವೆ ಮೂರು ಸಲ ‘ಬಿಸ್ಮಿಲ್ಲಾ’ ಎಂಬ ಶಬ್ದ ಬರುತ್ತದೆ. ಪಕ್ಕದ ಬೇಕರಿಯ ಚಾಚಾ ಒಮ್ಮೆ ಅದನ್ನು ಕೇಳಿ, ಕೈಯಲ್ಲಿದ್ದ ಬೀಡಿ ಹಿಂದಕ್ಕೆ ಹಿಡಿದು, “ಆದ್ಮಿ ಅಚ್ಛಾ ಲಗ್ತಾ ಹೈ” ಎಂದು ಸರ್ಟಿಫಿಕೇಟು ಕೊಟ್ಟರು. ಶುರುವಿನಲ್ಲಿ ಬಿಸ್ಮಿಲ್ಲಾ, ಕೊನೆಯಲ್ಲಿ ಗಣಪತಿ ಆರತಿ. ಮುಂಬಯಿಯ ಯಾವ ಶಾಂತಿ ಸಮಿತಿಯೂ ಆಕ್ಷೇಪಿಸುವ ಕ್ಯಾಸೆಟ್ಟಾಗಿರಲಿಲ್ಲ.

ಹಾಡಿದವನೂ ಪಾರ್ಸಿ ಎಂದು ಗೊತ್ತಾದದ್ದು ದಿನಾ ಸಂಜೆ ಕಾಫಿಗೆ ಬರುತ್ತಿದ್ದ ಬಾವಾಜಿಯಿಂದ. ಗಿರಣಿಯಲ್ಲಿ ನೇಯ್ಗೆ ವಿಭಾಗದ ಮಾಸ್ಟರ್ ಆಗಿದ್ದವರು. ಯಾವತ್ತೂ ಯಾರನ್ನೂ ಹೊಗಳಿದವರಲ್ಲ. ಹಾಡು ಕಿವಿಗೆ ಬಿದ್ದದ್ದೇ ತಡ, “ಆಪ್ಡೋ ಡೀಕ್ರೋ ಛೇ!”, ನಮ್ಮ ಹುಡುಗ, ಎಂದು ಎದ್ದು ನಿಂತರು. ಫ್ರೆಡ್ಡಿ ಮರ್ಕ್ಯುರಿ ಎಂಬುದು ಇಟ್ಟುಕೊಂಡ ಹೆಸರು. ಅವನು ಫರೂಖ್ ಬುಲ್ಸಾರಾ. 1946ರಲ್ಲಿ ಜಾಂಜಿಬಾರಿನಲ್ಲಿ ಹುಟ್ಟಿದವ, ಗುಜರಾತಿನ ವಲ್ಸಾಡ್ ಮೂಲದ ಮನೆತನ, ಎಂಟು ವರ್ಷದವನಿದ್ದಾಗಿನಿಂದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ಬೋರ್ಡಿಂಗಿನಲ್ಲಿದ್ದವ. ಅಲ್ಲೇ ‘ದ ಹೆಕ್ಟಿಕ್ಸ್’ ಎಂಬ ಹುಡುಗರ ಬ್ಯಾಂಡಿನಲ್ಲಿ ಪಿಯಾನೋ ನುಡಿಸುತ್ತಿದ್ದ. ಪಂಚಗಣಿ ಅಂದರೆ ಎಸ್‌ಟಿ ಬಸ್ಸು ಹೋಗುವ ಊರು! ಅವತ್ತಿನಿಂದ ಬಾವಾಜಿಯ ಕಾಫಿಗೆ ಹಾಲು ಸ್ವಲ್ಪ ಗಟ್ಟಿಯಾಯಿತು, ಬಿಲ್ಲು ಮಾತ್ರ ಅಷ್ಟೇ.

ಮಾವನಿಗೆ ಹಾಡಿನ ಗೊಡವೆ ಇರಲಿಲ್ಲ. ಅವರಿಗೆ ಬೇಕಾದದ್ದು ಉಳಿದ ಮೂವರ ವಿದ್ಯಾಭ್ಯಾಸ. ಗಿಟಾರಿನ ಬ್ರಯಾನ್ ಮೇ ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದವ ಅರ್ಧಕ್ಕೆ ಬಿಟ್ಟ. ಬೇಸ್ ಗಿಟಾರಿನ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರ. ಡ್ರಮ್ಸ್ ಬಾರಿಸುವ ರೋಜರ್ ಟೇಲರ್ ದಂತವೈದ್ಯಕ್ಕೆ ಸೇರಿ, ಅದನ್ನು ಬಿಟ್ಟು ಜೀವಶಾಸ್ತ್ರದ ಡಿಗ್ರಿ ಪಡೆದವ. ಇದನ್ನು ಕೇಳಿ ಮಾವ ಹಿಟ್ಟಿನ ಕೈ ಹಣೆಗೆ ಇಟ್ಟರು. “ಹಲ್ಲಿನ್ ಡಾಕ್ಟ್ರಿಕಿ ಬಿಟ್ಟ್ ಡೋಲ್ ಬಡುಕ್ ಹೋದ್ನಾ? ಅವ್ನ್ ಅಪ್ಪಯ್ಯ ಸುಮ್ನ್ ಕೂತ್ನಾ?”

ಬ್ರಯಾನ್ ಮೇ ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದು, 2007ರಲ್ಲಿ, ಅದೇ ಪ್ರಬಂಧ ಮುಗಿಸಿ ಡಾಕ್ಟರೇಟ್ ಪಡೆದ. ಹಗಲು ತಟ್ಟೆ ಎತ್ತಿ ರಾತ್ರಿಶಾಲೆಯಲ್ಲಿ ತೂಕಡಿಸಿ ಮೆಟ್ರಿಕ್ ಮಾಡಿದ ನಮಗೆಲ್ಲ ಆ ಸುದ್ದಿ ಓದಿ ಎದೆ ಉಬ್ಬಿತು. ನಮ್ಮ ಕನ್ನಡ ಮಾಸ್ತರರು ಬದುಕಿದ್ದರೆ ಅವನನ್ನೂ ರಾತ್ರಿಶಾಲೆಯ ಹಳೆ ವಿದ್ಯಾರ್ಥಿ ಸಂಘಕ್ಕೆ ಸೇರಿಸಿಕೊಂಡು ವಂತಿಗೆ ಕೇಳುತ್ತಿದ್ದರು.

ಈಗ ಲೆಕ್ಕಕ್ಕೆ ಬರೋಣ. ಹದಿನೇಳು ಹಾಡುಗಳಲ್ಲಿ ಹತ್ತು ಫ್ರೆಡ್ಡಿ ಬರೆದವು, ಐದು ಬ್ರಯಾನ್ ಮೇಯವು, ಎರಡು ಡೀಕನ್‌ನವು. ಕೂಡಿದರೆ ಹದಿನೇಳಾಯಿತು. ಹಲ್ಲಿನ ಡಾಕ್ಟರಿಕೆ ಬಿಟ್ಟು ಬಂದ ಟೇಲರನಿಗೆ? ಸೊನ್ನೆ. ಸಂಕಲನಗಳ ರಸ ಇರುವುದೇ ಇಲ್ಲಿ: ಯಾರು ಇದ್ದಾರೆ ಎಂಬುದಕ್ಕಿಂತ ಯಾರು ಇಲ್ಲ ಎಂಬುದನ್ನು ನೋಡಬೇಕು. ಕನ್ನಡದ ಯಾವುದೇ ಪ್ರಾತಿನಿಧಿಕ ಕವನ ಸಂಕಲನ ಬಿಡುಗಡೆಯಾದ ವಾರದಲ್ಲಿ ಕವಿಗಳ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಟೇಲರ್ ಪೆದ್ದನೇನಲ್ಲ. 1975ರಲ್ಲಿ ‘ಬೊಹೇಮಿಯನ್ ರ್‍ಹಾಪ್ಸಡಿ’ ಸಿಂಗಲ್ಲಾಗಿ ಹೊರಬಂದಾಗ ಅದರ ಹಿಂಬದಿಯಲ್ಲಿದ್ದದ್ದು ಅವನು ಬರೆದ ಹಾಡು, ಕಾರಿನ ಮೇಲಿನ ಪ್ರೇಮದ್ದು. ತಟ್ಟೆ ಕೊಂಡವರು ಕೇಳಿದ್ದು ಮುಂಬದಿಯನ್ನು. ದುಡ್ಡು ಮಾತ್ರ ಎರಡೂ ಬದಿಯ ಬರಹಗಾರರಿಗೆ ಸಮಸಮ. ಆ ಮಹಾಗೀತೆಗೆ ಫ್ರೆಡ್ಡಿ ಪಟ್ಟ ಪಾಡೆಷ್ಟು, ಕಾರಿನ ಹಾಡಿಗೆ ಟೇಲರ್ ಪಟ್ಟದ್ದೆಷ್ಟು! ನಾನು ಇದನ್ನು ಮಾವನಿಗೆ ಹೇಳಿದೆ. ಅವರು ಗೋಡೆಯ ಮೇಲೆ ನೇತುಹಾಕಿದ್ದ ಉದ್ಘಾಟನೆಯ ಫೋಟೋ ಕಡೆ ತಿರುಗಿ, ಅದರಲ್ಲಿ ಎಡಗಡೆ ಶಾಲು ಹೊದ್ದು ನಿಂತ ತಮ್ಮ ಪಾಲುದಾರರನ್ನೇ ನೋಡುತ್ತ ನಿಂತರು. ಆ ಪಾಲುದಾರರು ಊರಲ್ಲಿ ಗದ್ದೆ ಮಾಡಿಸಿಕೊಂಡು, ದೀಪಾವಳಿಗೊಮ್ಮೆ ಬಂದು ಅರ್ಧ ಲಾಭ ಒಯ್ಯುವವರು. “ಇಂಗ್ಲೆಂಡಂಗೂ ಇತ್ತ್ ಅಂದಾಯ್ತ್” ಎಂದರು ಕೊನೆಗೆ.

1991ರ ಅಕ್ಟೋಬರಿನಲ್ಲಿ ಎರಡನೇ ಸಂಕಲನ ಬಂದಾಗ ಟೇಲರನ ‘ರೇಡಿಯೋ ಗಾಗಾ’ಗೆ ಜಾಗ ಸಿಕ್ಕಿತು. ಒಂದು ತಿಂಗಳು ತುಂಬುವುದರೊಳಗೆ, ನವೆಂಬರ್ 24ಕ್ಕೆ, ಫ್ರೆಡ್ಡಿ ತೀರಿಕೊಂಡ. ಬಾವಾಜಿ ಅದಕ್ಕಿಂತ ಮೊದಲೇ ಹೋಗಿದ್ದರು. ಅಷ್ಟು ಒಳ್ಳೆಯದಾಯಿತು.

ಅಳಿಯನ ತಕರಾರಿಗೆ ಬರುತ್ತೇನೆ. ಇಡೀ ಆಲ್ಬಮ್ಮು ಕೇಳಬೇಕು, ಅದರೊಳಗೆ ಒಂದು ಹರಿವು ಇರುತ್ತದೆ, ಕಲಾವಿದ ಯೋಚಿಸಿ ಜೋಡಿಸಿರುತ್ತಾನೆ, ಅದರಿಂದ ನಾಲ್ಕು ಹಾಡು ಕಿತ್ತುಕೊಳ್ಳುವುದು ಪಾಪ ಎಂದು ಅವನ ವಾದ. ಇದೆಲ್ಲ ಜಾಗ ಇದ್ದವರ ಮಾತು. ಪರೇಲಿನ ಚಾಳಿನಲ್ಲಿ ಹತ್ತು ಬೈ ಹನ್ನೆರಡರ ಖೋಲಿ, ಒಂದು ಮೂಲೆಯಲ್ಲಿ ಮೋರಿ, ಇನ್ನೊಂದರಲ್ಲಿ ಸ್ಟವ್ವು, ನಡುವೆ ಏಳು ಜನ. ಅಲ್ಲಿ ಕ್ವೀನ್‌ನ ಎಲ್ಲ ಆಲ್ಬಮ್ಮು ಇಡಬೇಕೆಂದರೆ ಅಜ್ಜಿಯನ್ನು ಊರಿಗೆ ಕಳಿಸಬೇಕಿತ್ತು. ಬಾಕಿ ದಿನಾ ಲೋಕಲ್ಲಿನಲ್ಲಿ ನಿಂತು ಹೋಗುವವನಿಗೆ ಹರಿವಿನ ಕೊರತೆಯೂ ಇಲ್ಲ.

ಸಂಕಲನ ಕೊಳ್ಳುವವರು ಅಲ್ಪಸಂಖ್ಯಾತರೂ ಅಲ್ಲ. ಬ್ರಿಟನ್ನಿನಲ್ಲಿ ಈವರೆಗೆ ಅತಿ ಹೆಚ್ಚು ಮಾರಾಟವಾದ ಆಲ್ಬಮ್ಮು ಯಾವುದೆಂದರೆ ಇದೇ ಕ್ವೀನ್ ಗ್ರೇಟೆಸ್ಟ್ ಹಿಟ್ಸ್. 2022ರಲ್ಲಿ ಅದು ಅಲ್ಲಿ 70 ಲಕ್ಷ ದಾಟಿತು. ಅಮೆರಿಕದಲ್ಲೂ ಮೇಲಿರುವುದು ಸಂಕಲನವೇ: ಈಗಲ್ಸ್ ಬ್ಯಾಂಡಿನ 1976ರ ಫೆಬ್ರವರಿಯ ಗ್ರೇಟೆಸ್ಟ್ ಹಿಟ್ಸ್, 2018ರ ಲೆಕ್ಕಕ್ಕೆ 3 ಕೋಟಿ 80 ಲಕ್ಷ. ತಮಾಷೆ ಏನೆಂದರೆ, ಅವರ ಅತಿ ದೊಡ್ಡ ಹಾಡು ‘ಹೋಟೆಲ್ ಕ್ಯಾಲಿಫೋರ್ನಿಯಾ’ ಅದರಲ್ಲಿಲ್ಲ. ಸಂಕಲನ ಬಂದ ಎಷ್ಟೋ ತಿಂಗಳ ಮೇಲೆ ಆ ಹಾಡು ಬಂದದ್ದು. ಹೆಸರು ಕೇಳಿದ ಕೂಡಲೆ ಮಾವ “ಅದ್ ನಮ್ಮವ್ರದಾ?” ಎಂದು ವಿಚಾರಿಸಿದ್ದರು. ಹೋಟೆಲು ಇಲ್ಲದೆಯೂ ಇಷ್ಟು ವ್ಯಾಪಾರ ಆಗುವುದು ಅವರಿಗೆ ಕೊನೆಯವರೆಗೂ ನಂಬಿಕೆಯಾಗಲಿಲ್ಲ.

ಇನ್ನೊಂದು ಅಸ್ತ್ರವೂ ನನ್ನಲ್ಲಿದೆ. 1981ರ ಆ ಆಲ್ಬಮ್ಮಿನ ಹಾಡಿನ ಪಟ್ಟಿ ಎಲ್ಲ ದೇಶಗಳಲ್ಲಿ ಒಂದೇ ಇರಲಿಲ್ಲ. ಎಲ್ಲಿ ಯಾವ ಹಾಡು ಓಡಿತ್ತೋ ಅದಕ್ಕೆ ತಕ್ಕಂತೆ ಬದಲಾಗಿತ್ತು. ಅಮೆರಿಕದವರು ಡೇವಿಡ್ ಬೋವಿ ಜೊತೆಗಿನ ‘ಅಂಡರ್ ಪ್ರೆಷರ್’ ಸೇರಿಸಿಕೊಂಡರು. ಅಮೆರಿಕಕ್ಕೊಂದು ಆವೃತ್ತಿ ಇರಬಹುದಾದರೆ ಪರೇಲಿಗೆ ಯಾಕಿರಬಾರದು? ಗಣಪತಿ ಆರತಿ ಇರುವುದೇ ನಮ್ಮ ಆವೃತ್ತಿ. ಅಳಿಯನ ಎಲ್‌ಪಿ ರಾಶಿಯಲ್ಲಿ ಅದು ಇಲ್ಲ. ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಇದನ್ನು ಹೇಳಿದಾಗ ಅವನ ಕಣ್ಣಿನಲ್ಲಿ ಒಂದು ಕ್ಷಣ ಆಸೆ ಮಿಂಚಿದ್ದನ್ನು ನಾನು ಕಂಡಿದ್ದೇನೆ.

ಈಗ ಗಿರಣಿಗಳೂ ಇಲ್ಲ, ಮಾವನ ಹೋಟೆಲೂ ಇಲ್ಲ. ಫೀನಿಕ್ಸ್ ಮಿಲ್ ಮಾಲ್ ಆಗಿದೆ, ಚಿಮಣಿಯನ್ನು ಚಂದಕ್ಕೆ ಉಳಿಸಿಕೊಂಡಿದ್ದಾರೆ. ವಾಡಿಯಾ ಪಾರ್ಸಿಗಳ ಬಾಂಬೆ ಡೈಯಿಂಗ್ ಆವರಣದಲ್ಲಿ 2006ರಲ್ಲಿ ಹಾರ್ಡ್ ರಾಕ್ ಕೆಫೆ ತೆರೆಯಿತು. ಪಾರ್ಸಿ ಗಿರಣಿಯ ಜಾಗದಲ್ಲಿ ಪಾರ್ಸಿ ಹುಡುಗನ ಹಾಡು ಕೇಳಲು ಅಳಿಯ ಒಮ್ಮೆ ಕರೆದೊಯ್ದ. ಒಂದು ಬಿಯರಿನ ದರ ನೋಡಿ ಮಾವನ ಉದ್ರಿ ಪುಸ್ತಕದ ಎಷ್ಟು ಪುಟ ಚುಕ್ತಾ ಆಗುತ್ತಿತ್ತೆಂದು ಮನಸ್ಸು ಲೆಕ್ಕ ಹಾಕತೊಡಗಿತು, ಹಾಡು ಕೇಳಲಿಲ್ಲ.

ಪರೇಲಿನ ನಿಜವಾದ ರಾಕ್ ಬ್ಯಾಂಡ್ ಬೇರೆ ಇದೆ: ಬೆಂಜೋ ಪಾರ್ಟಿ. ಇದು ಅಮೆರಿಕದವರ ಬ್ಯಾಂಜೋ ಅಲ್ಲ. ಎಡಗೈಯಲ್ಲಿ ಗುಂಡಿ ಒತ್ತಿ ಬಲಗೈಯಲ್ಲಿ ತಂತಿ ಮೀಟುವ ಬುಲ್‌ಬುಲ್ ತರಂಗ. ಅದಕ್ಕೆ ಪಿಕಪ್ ಹಚ್ಚಿ, ಆಂಪ್ಲಿಫೈಯರಿಗೆ ಸಿಕ್ಕಿಸಿ, ಡೋಲು ತಾಶಾ ಸಮೇತ ಟೆಂಪೋ ಏರಿದರೆ ಲಾಲ್‌ಬಾಗಿನಿಂದ ಪರೇಲ್ ನಾಕಾದವರೆಗಿನ ಕಿಟಕಿ ಗಾಜೆಲ್ಲ ತಾಳ ಹಾಕುತ್ತವೆ. ಚಾಳು ಕೆಡವಿ ಕಟ್ಟಿದ ನಮ್ಮ ಟವರಿನ ಗಣೇಶೋತ್ಸವ ಕಮಿಟಿಯಲ್ಲಿ ನಾನೂ ಇದ್ದೇನೆ. ಮೆರವಣಿಗೆಗೆ ಬೆಂಜೋ ಪಾರ್ಟಿಯ ಹಾಡಿನ ಪಟ್ಟಿ ತಯಾರಿಸಲು ನಡೆದ ಮೀಟಿಂಗ್ ಸೊಸಾಯಿಟಿಯ ನೀರಿನ ಮೀಟಿಂಗಿಗಿಂತ ಉದ್ದವಾಯಿತು. ಎ ವಿಂಗಿಗೆ ಲಾವಣಿ ಬೇಕು, ಬಿ ವಿಂಗಿಗೆ ಕೋಳಿ ಮೀನುಗಾರರ ಗೀತೆ, ಮೂರನೇ ಮಾಳಿಗೆಯ ಗುಜರಾತಿಯವರಿಗೆ ಗರ್ಬಾ. ಒಂದು ಕನ್ನಡ ಹಾಡೂ ಇರಲಿ ಎಂದು ಸೆಕ್ರೆಟರಿ ದೊಡ್ಡ ಮನಸ್ಸು ಮಾಡಿದರು. ಕಮಿಟಿಯಲ್ಲಿ ಕನ್ನಡಿಗರು ಇಬ್ಬರೇ, ನಾನು ಮತ್ತು ವಿಜಯಪುರದ ಪಾಟೀಲರು. “ಏನ್ರೀ, ‘ಆಕಸ್ಮಿಕ’ ಪಿಚ್ಚರಿಂದ ಬಿಟ್ಟು ಬ್ಯಾರೆ ಮಾತಾಡಬ್ಯಾಡ್ರಿ” ಎಂದರು ಅವರು. ನಾನು ‘ಬಂಗಾರದ ಮನುಷ್ಯ’ಕ್ಕೆ ಪಟ್ಟುಹಿಡಿದೆ. ಇಬ್ಬರೂ ರಾಜ್‌ಕುಮಾರ್ ಅಭಿಮಾನಿಗಳೇ. ಒಮ್ಮತ ಮಾತ್ರ ಸಾಧ್ಯವಾಗಲಿಲ್ಲ. ಕನ್ನಡದ ಸಾಲು ಖಾಲಿ ಉಳಿಯಿತು.

ಕ್ವೀನ್‌ನ ‘ವಿ ವಿಲ್ ರಾಕ್ ಯೂ’ ಬಗ್ಗೆ ಯಾರಿಗೂ ತಕರಾರಿರಲಿಲ್ಲ. 1977ರ ಆ ಹಾಡಿನ ತಾಳದಲ್ಲಿ ಡ್ರಮ್ಮೇ ಇಲ್ಲ. ಹಲಗೆಯ ಮೇಲೆ ಕಾಲು ಬಡಿದು ಚಪ್ಪಾಳೆ ತಟ್ಟಿ, ಅದನ್ನೇ ಪದರ ಪದರವಾಗಿ ಸೇರಿಸಿ ಸ್ಟುಡಿಯೋದಲ್ಲಿ ಮಾಡಿದ್ದು. ಇದನ್ನು ಬೆಂಜೋ ಮಾಸ್ಟರನಿಗೆ ವಿವರಿಸಿದೆ. “ಠಾವೂಕ್ ಆಹೇ ಕಾಕಾ, ತೋ ಆಮ್ಚಾಚ್ ಠೇಕಾ” ಎಂದು ತೊಡೆಯ ಮೇಲೆ ಬಡಿದು ತೋರಿಸಿದ. ಅದು ತಮ್ಮದೇ ಠೇಕಾ ಅಂತೆ.

ಹುಮ್ಮಸ್ಸು ಬಂತು. ಜನ್ಮದಲ್ಲಿ ಒಮ್ಮೆಯಾದರೂ ಪಟ್ಟಿಯ ಹೊರಗಿನವನಿಗೆ ನ್ಯಾಯ ಕೊಡಿಸೋಣವೆಂದು, ಟೇಲರನ ಕಾರಿನ ಹಾಡನ್ನು ಫೋನಿನಲ್ಲಿ ಹಾಕಿ ಕೇಳಿಸಿದೆ. ಮಾಸ್ಟರ್ ಕಣ್ಣು ಮುಚ್ಚಿ ಪೂರ್ತಿ ಕೇಳಿದ.

“ಕಾಕಾ, ತ್ಯಾವರ್ ಪಬ್ಲಿಕ್ ನಾಚಣಾರ್ ಕಾ?”

ಜನ ಕುಣಿಯುತ್ತಾರೆಂದು ಭರವಸೆ ಕೊಡುವ ಧೈರ್ಯ ನನಗಾಗಲಿಲ್ಲ. ಅಳಿಯನ ಮುಖ ನೋಡಿದೆ. ಅವನು ಮೊಬೈಲಿನಲ್ಲಿ ಮುಳುಗಿದ್ದ. ಮಾಸ್ಟರ್ ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಅಂಗಿ ಜೇಬಿಗೆ ಹಾಕಿಕೊಂಡ. ಪಟ್ಟಿ ತನ್ನ ಹತ್ತಿರ ಇರಲಿ, ನಾಕಾಕ್ಕೆ ಬಂದ ಮೇಲೆ ಪಬ್ಲಿಕ್ ಕೇಳಿದ್ದನ್ನೇ ಬಾರಿಸುವುದು ಎಂದು ಹೇಳಿ, ಅಡ್ವಾನ್ಸಿಗೆ ಕೈ ಚಾಚಿದ.